60 ಮುಟ್ಟಿದರೆ ಅಂಬಾಸಿಡರ್ ಸೀಟಿನ ಕೆಳಗೆ ನಡುಕ: ಟೈರಾ, ಜಾಯಿಂಟಾ, ಹೌಸಿಂಗಾ?

ಬಟವಾಡಿ ಮಾರ್ಕ್ 3 (ತುಮಕೂರು)

ಎಲ್ಲರಿಗೂ ನಮಸ್ಕಾರ. ಅಪ್ಪ ಓಡಿಸುತ್ತಿದ್ದ 1978ರ ಅಂಬಾಸಿಡರ್ ಮಾರ್ಕ್ 3 ನನ್ನ ಹತ್ತಿರ ಇದೆ. ಪೆಟ್ರೋಲ್, ಅದೇ ಹಳೇ 1489 ಸಿಸಿ ಎಂಜಿನ್, ಸ್ಟೀರಿಂಗ್ ಪಕ್ಕದಲ್ಲಿ ಗೇರ್. ಊರೊಳಗೆ ಓಡಿಸುವಾಗ ಬೆಣ್ಣೆ. ಹೈವೇ ಹತ್ತಿದರೆ ಮಾತ್ರ ತಲೆನೋವು.

55 ಕಿ.ಮೀ. ವೇಗಕ್ಕೆ ಶುರುವಾಗುತ್ತದೆ. 60ರಿಂದ 65ರವರೆಗೆ ಜೋರು. 70 ದಾಟಿದರೆ ಸ್ವಲ್ಪ ಕಡಿಮೆ ಆದ ಹಾಗೆ ಅನ್ನಿಸುತ್ತದೆ, ಆದರೆ ಅಷ್ಟು ಹೊತ್ತು ಓಡಿಸಲು ಧೈರ್ಯ ಬರಲ್ಲ. ಸ್ಟೀರಿಂಗ್ ಅಲುಗುವುದಿಲ್ಲ. ಸೀಟು, ಕಾಲ ಕೆಳಗಿನ ತಗಡು, ಒಳಗಿನ ಕನ್ನಡಿ ಮೂರೂ ಒಟ್ಟಿಗೆ ಗುಂಯ್ ಅನ್ನುತ್ತವೆ. ಕನ್ನಡಿಯಲ್ಲಿ ಹಿಂದೆ ಬರುವುದು ಲಾರಿಯೋ ಬಸ್ಸೋ ಗೊತ್ತಾಗದಷ್ಟು ಮಸುಕು.

ಇದುವರೆಗೆ ವೀಲ್ ಬ್ಯಾಲೆನ್ಸಿಂಗ್ ಎರಡು ಸಲ ಆಯಿತು. ಹಿಂದಿನ ಟೈರ್ ಮುಂದಕ್ಕೆ, ಮುಂದಿನದು ಹಿಂದಕ್ಕೆ ಹಾಕಿ ನೋಡಿದೆ. ಎಂಜಿನ್ ಮೌಂಟಿಂಗ್ ರಬ್ಬರ್ ಹೊಸದು. ಏನೂ ಬದಲಾಗಲಿಲ್ಲ. ಈಗ ಗ್ಯಾರೇಜಿನವರು "ಹೌಸಿಂಗ್ ಬಿಚ್ಚೋಣ, ಕ್ರೌನ್ ಪಿನಿಯನ್ ಬೇರಿಂಗ್ ಹೋಗಿರುತ್ತೆ" ಅನ್ನುತ್ತಿದ್ದಾರೆ. ಹೌಸಿಂಗ್ ಅಂದರೆ ಹಿಂದಿನ ಎರಡು ಚಕ್ರದ ನಡುವಿನ ಗೇರ್ ಪೆಟ್ಟಿಗೆ, ಕ್ರೌನ್ ಪಿನಿಯನ್ ಅದರೊಳಗಿನ ಹಲ್ಲುಚಕ್ರದ ಜೋಡಿ. ಬಿಚ್ಚುವ ಮುಂಚೆ ನಿಮ್ಮನ್ನೊಂದು ಮಾತು ಕೇಳೋಣ ಅಂತ ಬಂದೆ.

ಶಿರಾ ಲಾರಿ ಮನೆ (ಶಿರಾ)

ಹೌಸಿಂಗ್ ಮುಟ್ಟಬೇಡಿ ಅಣ್ಣ. ಪಿನಿಯನ್ ಬೇರಿಂಗ್ ಹೋದರೆ ಮೊದಲು ಸದ್ದು ಬರುತ್ತೆ. ಆಕ್ಸಲರೇಟರ್ ಒತ್ತಿದಾಗ ಒಂದು ಥರ ಊಳು, ಬಿಟ್ಟಾಗ ಇನ್ನೊಂದು ಥರ. ನೀವು ಸದ್ದಿನ ಬಗ್ಗೆ ಒಂದು ಮಾತೂ ಬರೆದಿಲ್ಲ. ಬರೀ ನಡುಕ.

ಒಂದು ಕೇಳ್ತೀನಿ. ಹಿಂದಿನ ಬ್ಲೇಡ್ ಸೆಟ್ (ಪಟ್ಟಿ ಸ್ಪ್ರಿಂಗ್) ಕೆಲಸ ಏನಾದರೂ ಮಾಡಿಸಿದಿರಾ ಇತ್ತೀಚೆಗೆ?

ಪದ್ಮಿನಿ ಪ್ರೇಮಿ (ಕೋಲಾರ)

ಅಂಬಾಸಿಡರ್ ಅಲುಗಾಡದೆ ಓಡಿದರೆ ಅಲ್ವಾ ಗಾಬರಿ ಆಗಬೇಕಾದ್ದು! ಸುಮ್ನೆ ತಮಾಷೆಗೆ ಹೇಳಿದೆ, ಬೇಜಾರು ಮಾಡ್ಕೋಬೇಡಿ. ನಾನೂ ಓದುತ್ತಾ ಕೂತಿರುತ್ತೇನೆ.

ನಂದಿ ತಪ್ಪಲು (ಚಿಕ್ಕಬಳ್ಳಾಪುರ)

ನಾನು ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಮನೆಯಲ್ಲೂ ಒಂದು ಮಾರ್ಕ್ 4 ಇದೆ. ಸಾಮಾನು ಬದಲಿಸುವ ಮುಂಚೆ ಕಾಸು ಖರ್ಚಿಲ್ಲದ ಮೂರು ಪರೀಕ್ಷೆ ಮಾಡಿ.

ರಸ್ತೆ ಖಾಲಿ ಇರುವಾಗ, ಬೆಳಗಿನ ಜಾವ, ಟಾಪ್ ಗೇರಿನಲ್ಲಿ 65ಕ್ಕೆ ಹೋಗಿ. ನ್ಯೂಟ್ರಲ್‌ಗೆ ಹಾಕಿ, ಗಾಡಿ ತನ್ನಷ್ಟಕ್ಕೆ ಉರುಳಲು ಬಿಡಿ. ಕೀ ಮಾತ್ರ ಆಫ್ ಮಾಡಬೇಡಿ. ಎಂಜಿನ್ ಐಡಲ್‌ಗೆ ಇಳಿದ ಮೇಲೂ ನಡುಕ ಹಾಗೇ ಇದ್ದರೆ ಎಂಜಿನ್, ಕ್ಲಚ್ ಎರಡೂ ಪಾರು.

ಆಮೇಲೆ ಅದೇ 60 ವೇಗವನ್ನು ಮೂರನೇ ಗೇರಿನಲ್ಲಿ ಮಾಡಿ. ಎಂಜಿನ್ ಜೋರಾಗಿ ತಿರುಗುತ್ತದೆ, ಚಕ್ರ ಮಾತ್ರ ಅಷ್ಟೇ ತಿರುಗುತ್ತದೆ. ನಡುಕ ಅದೇ 60ಕ್ಕೇ ಬಂದರೆ ತಪ್ಪು ಗೇರ್‌ಬಾಕ್ಸಿನಿಂದ ಹಿಂದೆ ಇದೆ. ಕೊನೆಗೆ ಮನೆ ಮುಂದೆ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ನಿಧಾನವಾಗಿ ರೇಸ್ ಕೊಡಿ. ಎಲ್ಲಿಯೂ ನಡುಗದಿದ್ದರೆ ಮೌಂಟಿಂಗ್ ರಬ್ಬರಿಗೆ ಹಾಕಿದ ದುಡ್ಡು ದಂಡ ಅಂತ ಅಂದುಕೊಳ್ಳಿ.

ಸ್ಪೀಡೋಮೀಟರ್ ನಂಬಬೇಡಿ. ಫೋನಿನ ಜಿಪಿಎಸ್ ವೇಗ ನೋಡಿ. ಪಕ್ಕದಲ್ಲಿ ಯಾರನ್ನಾದರೂ ಕೂರಿಸಿಕೊಂಡರೆ ಒಳ್ಳೆಯದು.

ಬಟವಾಡಿ ಮಾರ್ಕ್ 3

ಇವತ್ತು ಬೆಳಗ್ಗೆ ಐದೂವರೆಗೆ ಶಿರಾ ಕಡೆ ಹೊರಟೆವು. ಭಾವಮೈದ ಪಕ್ಕದಲ್ಲಿ ಫೋನ್ ಹಿಡಿದಿದ್ದ.

ನ್ಯೂಟ್ರಲ್‌ಗೆ ಹಾಕಿದರೂ ನಡುಕ ಹೋಗಲಿಲ್ಲ. 65ರಿಂದ ಇಳಿಯುತ್ತಾ 60ರಲ್ಲಿ ಜೋರಾಯಿತು, 52ಕ್ಕೆ ನಿಂತಿತು. ಮೂರನೇ ಗೇರಿನಲ್ಲೂ ಸರಿಯಾಗಿ ಅದೇ 60ಕ್ಕೆ. ಮನೆ ಮುಂದೆ ರೇಸ್ ಕೊಟ್ಟರೆ ಏನೂ ಇಲ್ಲ. ಪಕ್ಕದ ಮನೆಯವರು ಎದ್ದು ಬಂದರು, ಅಷ್ಟೇ.

ಲಾರಿ ಮನೆ ಸರ್, ನೀವು ಕೇಳಿದ್ದು ಸರಿ. ದೀಪಾವಳಿ ಹೊತ್ತಿಗೆ ಹಿಂಭಾಗ ಕುಸಿದಿದೆ ಅಂತ ಬ್ಲೇಡ್ ಸೆಟ್ ಬಿಚ್ಚಿಸಿ ಬಾಗು ಕೊಡಿಸಿ, ಎರಡೂ ಕಡೆ ಒಂದೊಂದು ಪ್ಲೇಟ್ ಜಾಸ್ತಿ ಹಾಕಿಸಿದ್ದೆ. ಹಿಂಭಾಗ ಈಗ ಒಂದೂವರೆ ಇಂಚು ಎತ್ತರ ಇದೆ.

ಶಿರಾ ಲಾರಿ ಮನೆ

ನಾನು ಹೇಳ್ಲಿಲ್ವಾ! ಹಿಂದೆ ಎತ್ತರ ಆಯ್ತು ಅಂದ್ರೆ ಹೌಸಿಂಗಿನ ಮೂತಿ ತಿರುಗಿತು ಅಂತ ಅರ್ಥ. ಗೇರ್‌ಬಾಕ್ಸಿಂದ ಹೌಸಿಂಗಿಗೆ ಬರೋ ಶಾಫ್ಟಿನ ತುದಿಯ ಜಾಯಿಂಟ್ ಕ್ರಾಸ್ (ಕೂಡಿಸೋ ಚಿಹ್ನೆ ಆಕಾರದ ತುಂಡು) ಓರೆಯಲ್ಲಿ ಕೆಲಸ ಮಾಡುತ್ತೆ. ನಮ್ಮ ತಂದೆ ಲಾರಿಗೆ ಇಂಥ ಕೆಲಸ ಎಷ್ಟು ಸಲ ಮಾಡಿದ್ದಾರೋ ಲೆಕ್ಕ ಇಲ್ಲ. ಬ್ಲೇಡಿಗೂ ಹೌಸಿಂಗಿಗೂ ಮಧ್ಯೆ ಎರಡು ಡಿಗ್ರಿ ಬೆಣೆ ಇಟ್ಟು ಯು ಬೋಲ್ಟ್ ಬಿಗಿದರೆ ಮುಗೀತು. ಯಾವ ಲೇತಿನವರು ಬೇಕಾದರೂ ಬೆಣೆ ಮಾಡಿಕೊಡ್ತಾರೆ.

ಪದ್ಮಿನಿ ಪ್ರೇಮಿ

ನಾನೂ ಬೆಣೆ ಪಕ್ಷ.

ನಂದಿ ತಪ್ಪಲು

ಲಾರಿ ಮನೆಯವರ ಅನುಮಾನ ತಪ್ಪಲ್ಲ. ಆದರೆ ಬೆಣೆ ಮಾಡಿಸುವ ಮುಂಚೆ ಇನ್ನೊಂದು ಹೆಜ್ಜೆ ಇದೆ.

ಯೂನಿವರ್ಸಲ್ ಜಾಯಿಂಟ್ ಓರೆಯಲ್ಲಿ ತಿರುಗುವಾಗ ಒಳಗೆ ಬರುವ ವೇಗ ಒಂದೇ ಸಮ ಇದ್ದರೂ ಆಚೆ ಹೋಗುವ ವೇಗ ಒಂದು ಸುತ್ತಿಗೆ ಎರಡು ಸಲ ಏರಿ ಇಳಿಯುತ್ತದೆ. ಶಾಫ್ಟಿನ ಎರಡು ತುದಿಯಲ್ಲೂ ಓರೆ ಸಮ ಇದ್ದರೆ, ಎರಡು ಕಡೆಯ ಫೋರ್ಕೂ (ಕ್ರಾಸ್ ಹಿಡಿಯುವ ಕವಲು) ಒಂದೇ ಸಾಲಿನಲ್ಲಿದ್ದರೆ, ಮುಂದಿನ ಜಾಯಿಂಟ್ ಮಾಡಿದ ತಪ್ಪನ್ನು ಹಿಂದಿನದು ಸರಿ ಮಾಡುತ್ತದೆ. ಹೌಸಿಂಗ್ ಮೂತಿ ತಿರುಗಿದರೆ ಆ ಲೆಕ್ಕ ಕೆಡುತ್ತದೆ. ಆಗ ಬರುವ ನಡುಕ ಶಾಫ್ಟಿನ ಒಂದು ಸುತ್ತಿಗೆ ಎರಡು ಹೊಡೆತ. ಶಾಫ್ಟೇ ಸೊಟ್ಟ ಇದ್ದರೆ, ಬ್ಯಾಲೆನ್ಸ್ ತಪ್ಪಿದ್ದರೆ, ಒಂದು ಸುತ್ತಿಗೆ ಒಂದೇ ಹೊಡೆತ. ಟೈರಿನದಾದರೆ ಚಕ್ರದ ಒಂದು ಸುತ್ತಿಗೆ ಒಂದು. ಹಾಗಾಗಿ ಸೆಕೆಂಡಿಗೆ ಎಷ್ಟು ಹೊಡೆತ ಅಂತ ಎಣಿಸಿದರೆ ಕಳ್ಳ ಯಾರು ಅಂತ ಗೊತ್ತಾಗುತ್ತದೆ.

ಮೊದಲು ಟೈರಿಗೆ ಸೀಮೆಸುಣ್ಣದ ಗುರುತು ಹಾಕಿ, ಗಾಡಿ ಒಂದು ಸುತ್ತು ತಳ್ಳಿ, ನೆಲದ ಮೇಲೆ ಟೇಪ್ ಹಿಡಿದು ಅಳತೆ ಹೇಳಿ. ಆಮೇಲೆ ಹಿಂದಿನ ಎರಡು ಚಕ್ರವನ್ನೂ ಎತ್ತಿ, ಒಂದನ್ನು ಅಲುಗದಂತೆ ಹಿಡಿದು, ಇನ್ನೊಂದನ್ನು ಕೈಯಲ್ಲಿ ಎರಡು ಸುತ್ತು ತಿರುಗಿಸಿ. ಆಗ ಶಾಫ್ಟ್ ಎಷ್ಟು ಸುತ್ತು ಬಂತೋ ಅದೇ ನಿಮ್ಮ ಹೌಸಿಂಗಿನ ರೇಷಿಯೋ.

ಫೋನಿನಲ್ಲಿ ಅಲುಗಾಟ ಅಳೆಯುವ ಆ್ಯಪ್ ಇರುತ್ತವೆ. ಸೆಕೆಂಡಿಗೆ 200 ಸಲವಾದರೂ ಅಳೆಯುವಂಥದ್ದು ನೋಡಿ. ಬರೀ 100 ಸಲ ಅಳೆಯುವ ಫೋನಿಗೆ 50 ಹರ್ಟ್ಜ್ (ಸೆಕೆಂಡಿಗೆ 50 ಹೊಡೆತ) ಮೇಲಿನದು ಸರಿಯಾಗಿ ಕಾಣುವುದಿಲ್ಲ. ಕಾಣದಿದ್ದರೆ ಪರವಾಗಿಲ್ಲ, ಆದರೆ ಅದನ್ನೇ ಬೇರೆ ಅಂಕಿಯಾಗಿ ತೋರಿಸಿ ಮೋಸ ಮಾಡುತ್ತದೆ. ಫೋನನ್ನು ಸೀಟಿನ ಹಳಿಗೆ ಟೇಪಿನಿಂದ ಬಿಗಿಯಾಗಿ ಅಂಟಿಸಿ. ಕೈಯಲ್ಲಿ ಹಿಡಿದರೆ ನಿಮ್ಮ ಭಾವಮೈದನ ನಡುಕ ಅಳೆದಂತೆ.

ಇನ್ನೊಂದು. ಅಳೆಯುವುದನ್ನು ನ್ಯೂಟ್ರಲ್‌ನಲ್ಲೇ ಮಾಡಿ. ಟಾಪ್ ಗೇರಿನಲ್ಲಿ ಎಂಜಿನ್ನೂ ಶಾಫ್ಟೂ ಒಂದೇ ವೇಗದಲ್ಲಿ ತಿರುಗುತ್ತವೆ. ನಾಲ್ಕು ಸಿಲಿಂಡರ್ ಎಂಜಿನ್ ಒಂದು ಸುತ್ತಿಗೆ ಎರಡು ಸಲ ಫೈರ್ ಆಗುತ್ತದೆ. ಜಾಯಿಂಟಿನ ಎರಡು ಹೊಡೆತ, ಎಂಜಿನ್ನಿನ ಎರಡು ಹೊಡೆತ ಒಂದರ ಮೇಲೊಂದು ಕೂತು ಬಿಡುತ್ತವೆ.

ಡಯಲ್ ಗೇಜ್ ತಾತ (ತುಮಕೂರು)

ಮೇಡಂ ಚೆನ್ನಾಗಿ ಹೇಳಿದ್ದಾರೆ. ನಾನು ಇಲ್ಲಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯ ಟೂಲ್ ರೂಮಿನಲ್ಲಿ ಇದ್ದವನು. ಒಂದು ಮಾತು ಸೇರಿಸುತ್ತೇನೆ, ಕೋಪ ಮಾಡಿಕೊಳ್ಳಬೇಡಿ.

ಬರೀ ಜ್ಯಾಕ್ ಮೇಲೆ ಗಾಡಿ ನಿಲ್ಲಿಸಿ ಯಾರೂ ಕೆಳಗೆ ಹೋಗಬೇಡಿ. ಸೈಜುಗಲ್ಲು, ಇಟ್ಟಿಗೆ ಅಂತ ಜುಗಾಡ್ ಬೇಡ. ಇಟ್ಟಿಗೆ ಹೇಳದೆ ಕೇಳದೆ ಪುಡಿಯಾಗುತ್ತದೆ. ಎರಡು ಸರಿಯಾದ ಸ್ಟ್ಯಾಂಡ್, ಮುಂದಿನ ಚಕ್ರಕ್ಕೆ ಎರಡೂ ಕಡೆ ಮರದ ಅಡ್ಡ. ಎಂಜಿನ್ ಸ್ಟಾರ್ಟ್ ಮಾಡಿ ಗೇರ್ ಹಾಕಿ ಶಾಫ್ಟ್ ತಿರುಗುವುದನ್ನು ಕೆಳಗೆ ಮಲಗಿ ನೋಡುವ ಸಾಹಸ ಖಂಡಿತ ಬೇಡ. ಕೈಯಲ್ಲಿ ತಿರುಗಿಸಿದರೆ ಸಾಕು. ನನ್ನ ಹತ್ತಿರ ಡಯಲ್ ಗೇಜೂ ಮ್ಯಾಗ್ನೆಟ್ ಸ್ಟ್ಯಾಂಡೂ ಇವೆ, ಶಾಫ್ಟ್ ತಿರುಗುವಾಗ ಎಷ್ಟು ಓಲಾಡುತ್ತದೆ ಅಂತ ಅಳೆಯಬಹುದು. ಬಟವಾಡಿ ಅಂದರೆ ನಮ್ಮ ಮನೆಗೆ ಹತ್ತೇ ನಿಮಿಷ. ಬೇಕಾದರೆ ಹೇಳಿ.

ಬಟವಾಡಿ ಮಾರ್ಕ್ 3

ತಾತ, ಖಂಡಿತ ಬೇಕು.

ಅಳತೆ ಹೀಗಿದೆ. ಟೈರ್ ಒಂದು ಸುತ್ತಿಗೆ 2.04 ಮೀಟರ್. ಚಕ್ರ ಎರಡು ಸುತ್ತು ತಿರುಗಿಸಿದರೆ ಶಾಫ್ಟ್ ನಾಲ್ಕೂವರೆ ಸುತ್ತು ದಾಟಿ ಒಂಚೂರು ಮುಂದೆ ಬಂತು.

ನಂದಿ ತಪ್ಪಲು

ಹಾಗಾದರೆ 4.55 ರೇಷಿಯೋ ಅಂತ ಇಟ್ಟುಕೊಳ್ಳಿ. 60 ಕಿ.ಮೀ. ವೇಗ ಅಂದರೆ ನಿಮಿಷಕ್ಕೆ 1000 ಮೀಟರ್. 2.04ರಿಂದ ಭಾಗಿಸಿದರೆ ಚಕ್ರ ನಿಮಿಷಕ್ಕೆ 490 ಸುತ್ತು, ಸೆಕೆಂಡಿಗೆ ಸುಮಾರು 8. ಶಾಫ್ಟ್ ನಿಮಿಷಕ್ಕೆ ಸುಮಾರು 2230, ಸೆಕೆಂಡಿಗೆ 37.

ಫೋನ್ 8 ತೋರಿಸಿದರೆ ಟೈರ್ ಅಥವಾ ರಿಮ್. 37 ತೋರಿಸಿದರೆ ಶಾಫ್ಟ್. 74 ತೋರಿಸಿದರೆ ಲಾರಿ ಮನೆಯವರಿಗೆ ತಟ್ಟೆ ಇಡ್ಲಿ ಕೊಡಿಸಿ.

ಶಿರಾ ಲಾರಿ ಮನೆ

ಕ್ಯಾತ್ಸಂದ್ರದ್ದೇ ಆಗಬೇಕು ಮೇಡಂ. 74 ಬರುತ್ತೆ, ಬರೆದು ಇಟ್ಕೊಳ್ಳಿ.

ಬಟವಾಡಿ ಮಾರ್ಕ್ 3

37.

ನ್ಯೂಟ್ರಲ್‌ನಲ್ಲಿ ಮೂರು ಸಲ ಓಡಿಸಿದೆವು. ಆ್ಯಪಿನ ಗ್ರಾಫಿನಲ್ಲಿ 60ರ ವೇಗಕ್ಕೆ 37ರ ಹತ್ತಿರ ಒಂದು ದೊಡ್ಡ ಕಂಬ. 50ರಲ್ಲಿ ಅದೇ ಕಂಬ ಗಿಡ್ಡ ಆಗಿ 31ಕ್ಕೆ ಜರುಗಿತು. 74ರಲ್ಲಿ ಹುಲ್ಲಿನಷ್ಟು ಏನೋ ಇದೆ. 8ರಲ್ಲೂ ಸ್ವಲ್ಪ ಇದೆ.

ಶಿರಾ ಲಾರಿ ಮನೆ

ಛೆ. ಇಡ್ಲಿ ಹೋಯ್ತು.

ಒಪ್ಪಿದೆ, ಬೆಣೆ ಸದ್ಯಕ್ಕೆ ಬೇಡ. ಆ ಹೆಚ್ಚುವರಿ ಪ್ಲೇಟು ಯಾವತ್ತಾದರೂ ತೆಗೆಸಿ, ಮನೆ ಗಾಡಿಗೆ ಲಾರಿಯ ಬಿಗಿ ಯಾಕೆ? ಈಗ ಶಾಫ್ಟ್ ನೋಡೋಣ. ಪೈಪಿನ ಮೇಲೆ ಎಲ್ಲಾದರೂ ತಗ್ಗು ಬಿದ್ದಿದೆಯಾ? ಬ್ಯಾಲೆನ್ಸಿಗೆ ಅಂತ ವೆಲ್ಡ್ ಮಾಡಿದ ಚಿಕ್ಕ ತುಂಡು ಉದುರಿದ ಗುರುತು ಇದೆಯಾ? ಅದಿಲ್ಲ ಅಂದ್ರೆ ಹಿಂದಿನ ಫ್ಲಾಂಜಿನ (ಶಾಫ್ಟ್ ಹೌಸಿಂಗಿಗೆ ಸೇರೋ ಬಿಲ್ಲೆ) ನಾಲ್ಕು ಬೋಲ್ಟ್ ಬಿಚ್ಚಿ ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿ ಕಟ್ಟಿ. ಯಾರೋ ಗುರುತು ಹಾಕದೆ ಬಿಚ್ಚಿ, ತಿರುಗಿಸಿ ಕಟ್ಟಿರ್ತಾರೆ. ಎಷ್ಟೋ ಗಾಡಿಗೆ ಅಷ್ಟರಲ್ಲೇ ಸರಿಹೋಗುತ್ತೆ. ಬಿಚ್ಚುವಾಗ ನೀವಾದರೂ ಎರಡು ಕಡೆ ಬಣ್ಣದ ಗುರುತು ಹಾಕಿ.

ಪದ್ಮಿನಿ ಪ್ರೇಮಿ

ನಾನು ಒಂದು ಉಪಾಯ ಕಂಡಿದ್ದೇನೆ. ರೇಡಿಯೇಟರ್ ಹೋಸಿಗೆ ಹಾಕುವ ಸ್ಕ್ರೂ ಕ್ಲಿಪ್ ಎರಡು ತಗೊಂಡು ಶಾಫ್ಟಿಗೆ ಬಿಗಿಯೋದು. ಸ್ಕ್ರೂ ಇರುವ ಕಡೆಯೇ ಭಾರ. ಕಾಲು ಸುತ್ತು ಕಾಲು ಸುತ್ತು ಜರುಗಿಸಿ ಓಡಿಸಿ ನೋಡೋದು. ಯಾವ ಕಡೆ ಇಟ್ಟಾಗ ನಡುಕ ಕಡಿಮೆಯೋ ಅದರ ಎದುರು ಕಡೆ ಭಾರ ಜಾಸ್ತಿ ಇದೆ ಅಂತ.

ಬಟವಾಡಿ ಮಾರ್ಕ್ 3

ಎರಡೂ ಮಾಡಿದೆ. ಪೈಪಿನಲ್ಲಿ ತಗ್ಗಿಲ್ಲ. ಬ್ಯಾಲೆನ್ಸ್ ತುಂಡುಗಳು ಹಳೇ ಬಣ್ಣದ ಕೆಳಗೆ ಭದ್ರವಾಗಿವೆ. ಅರ್ಧ ಸುತ್ತು ತಿರುಗಿಸಿ ಕಟ್ಟಿದರೆ ಏನೂ ವ್ಯತ್ಯಾಸ ಇಲ್ಲ. ಕ್ಲಿಪ್ಪಿನಿಂದ ವ್ಯತ್ಯಾಸ ಇದೆ! ಹಿಂದಿನ ತುದಿಯ ಹತ್ತಿರ, ಒಂದು ಜಾಗದಲ್ಲಿ ಇಟ್ಟಾಗ ನಡುಕ ಮುಕ್ಕಾಲು ಆಯಿತು. ಎದುರು ಕಡೆ ಇಟ್ಟಾಗ ಹಲ್ಲು ಕಟಕಟ. ಹಾಗೇ ಕ್ಲಿಪ್ ಇನ್ನೆರಡು ಜಾಸ್ತಿ ಹಾಕಿ ಬಿಟ್ಟುಬಿಡಲಾ?

ಡಯಲ್ ಗೇಜ್ ತಾತ

ಬೇಡ ಮಗ. ಅದು ಕಾಯಿಲೆ ಮುಚ್ಚುವ ಕೆಲಸ. ಹಿಂದಿನ ತುದಿಯಲ್ಲಿ ಏನೋ ನಡುವಿನಿಂದ ಸರಿದಿದೆ. ನಾಳೆ ಬರುತ್ತೇನೆ, ಸಕ್ಕರೆ ಹಾಕದ ಕಾಫಿ ಮಾಡಿಸಿಡು.

ಬಟವಾಡಿ ಮಾರ್ಕ್ 3

ತಾತ ಬಂದಿದ್ದರು. 70 ದಾಟಿದ ವಯಸ್ಸಿನಲ್ಲಿ ಚಾಪೆ ಹಾಸಿಕೊಂಡು ಗಾಡಿ ಕೆಳಗೆ ಮಲಗಿದರು. ನಾನು ಬೇಡ ಅಂದರೂ ಕೇಳಲಿಲ್ಲ. ಮೊದಲು ಸ್ಟ್ಯಾಂಡ್ ಎರಡನ್ನೂ ಅಲುಗಾಡಿಸಿ ನೋಡಿದರು. ಗೇಜಿನ ಮೂತಿ ಕೂರುವ ಜಾಗದಲ್ಲಿ ತುಕ್ಕನ್ನೂ ಬಣ್ಣವನ್ನೂ ಎಮರಿ ಪೇಪರಿನಿಂದ ಉಜ್ಜಿದರು. ನಾನು ಚಕ್ರ ತಿರುಗಿಸುತ್ತಿದ್ದೆ, ಅವರು ಕೆಳಗಿಂದ ಕೂಗುತ್ತಿದ್ದರು.

ಪಿನಿಯನ್ ಫ್ಲಾಂಜ್: 0.05 ಮಿ.ಮೀ. ಅಂದರೆ ಹೌಸಿಂಗಿಗೆ ಏನೂ ಆಗಿಲ್ಲ. ಪೈಪಿನ ಮಧ್ಯ: 0.7. ಪೈಪಿನ ಮುಂದಿನ ತುದಿ: 0.2. ಪೈಪಿನ ಹಿಂದಿನ ತುದಿ: 1.3!

ತಾತ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಈ ಕ್ರಾಸ್ ಯಾವಾಗ ಹಾಕಿಸಿದ್ದು?" ಅಂದರು.

ಆಗ ನೆನಪಾಯಿತು. ನಿಮ್ಮೆಲ್ಲರ ಕ್ಷಮೆ ಕೇಳುತ್ತೇನೆ. ಯುಗಾದಿ ಮುಂಚೆ, ಮೊದಲ ಗೇರಿಗೆ ಹಾಕಿ ಕ್ಲಚ್ ಬಿಟ್ಟಾಗ ಕೆಳಗೆ "ಟಕ್" ಅನ್ನುತ್ತಿತ್ತು ಅಂತ ಹಿಂದಿನ ಕ್ರಾಸ್ ಬದಲಿಸಿದ್ದೆ. ಟಕ್ ಹೋಯಿತು. ಆಮೇಲೆ ಮೂರು ತಿಂಗಳು ಗಾಡಿ ಊರು ಬಿಟ್ಟು ಹೋಗಲೇ ಇಲ್ಲ. ಹೈವೇ ಹತ್ತಿದಾಗ ನಡುಕ ಕಂಡಿತು. ನನ್ನ ತಲೆಯಲ್ಲಿ ಎರಡೂ ಬೇರೆ ಬೇರೆ ವಿಷಯ ಆಗಿದ್ದವು.

ಶಿರಾ ಲಾರಿ ಮನೆ

ಅಯ್ಯೋ ಅಣ್ಣಾ! ಮೊದಲ ದಿನವೇ ಹೇಳಿದ್ದರೆ ಇಷ್ಟು ದಿನ ಬೇಕಿತ್ತಾ? ನಾನು ಬ್ಲೇಡ್ ಬ್ಲೇಡ್ ಅಂತ ಬಡ್ಕೊಂಡೆ.

ಟಾರ್ಚ್ ಹಾಕಿ ಹಿಂದಿನ ಕ್ರಾಸಿನ ನಾಲ್ಕು ಕಪ್ಪೂ ನೋಡಿ, ಅಂದ್ರೆ ಕ್ರಾಸಿನ ಕಾಲು ಕೂರೋ, ಒಳಗೆ ಸೂಜಿ ಬೇರಿಂಗ್ ಇರೋ ಬಟ್ಟಲು. ಕಪ್ಪು ಆಚೆ ಬರದಂತೆ ಹಿಡಿಯೋ ಲಾಕುಗಳು ನಾಲ್ಕೂ ತಮ್ಮ ತೋಡಿನಲ್ಲಿ ಸಮ ಕೂತಿವೆಯಾ? ಒಂದು ಕಪ್ಪು ಒಳಗೆ, ಎದುರಿನದು ಆಚೆ ಅಂತ ಇದೆಯಾ?

ನಂದಿ ತಪ್ಪಲು

1.3 ಮಿ.ಮೀ. ಅಂದರೆ ಶಾಫ್ಟಿನ ತುದಿ ನಡುವಿನಿಂದ ಸುಮಾರು 0.65 ಸರಿದಿದೆ, ಗೇಜ್ ಎರಡು ಪಟ್ಟು ತೋರಿಸುತ್ತದೆ. ಅರ್ಧ ಸುತ್ತು ತಿರುಗಿಸಿ ಕಟ್ಟಿದಾಗ ಯಾಕೆ ಬದಲಾಗಲಿಲ್ಲ ಅನ್ನುವುದಕ್ಕೂ ಇದೇ ಉತ್ತರ. ತಪ್ಪು ಫ್ಲಾಂಜಿನದಲ್ಲ, ಕ್ರಾಸಿಗೂ ಶಾಫ್ಟಿಗೂ ನಡುವಿನದು. ಶಾಫ್ಟ್ ಹೋದಲ್ಲಿ ಅದೂ ಜೊತೆಗೇ ಹೋಯಿತು.

ಬಟವಾಡಿ ಮಾರ್ಕ್ 3

ಬಿಚ್ಚಿದೆವು. ಗ್ಯಾರೇಜಿಗೆ ಕೊಡಲಿಲ್ಲ, ತಾತನ ಮನೆಯ ವೈಸ್ ಮೇಲೆ.

ಮೂರು ಲಾಕು ಸರಿಯಾಗಿ ಕೂತಿದ್ದವು. ನಾಲ್ಕನೆಯದರ ಒಂದು ಮುಖ ಅರದಿಂದ ಉಜ್ಜಿದ ಹಾಗಿತ್ತು. ಬೆರಳು ಆಡಿಸಿದರೆ ಗೊತ್ತಾಗುತ್ತಿತ್ತು, ಅದು ಉಳಿದವಕ್ಕಿಂತ ತೆಳು. ಯಾಕೆ ಉಜ್ಜಿದರು ಅಂತ ಕಪ್ಪು ತೆಗೆದಾಗ ತಿಳಿಯಿತು. ತಾತ ಕಪ್ಪನ್ನು ಬಿಳಿ ಬಟ್ಟೆ ಮೇಲೆ ಬೋರಲು ಹಾಕಿ ಕುಟ್ಟಿದರು. ಗ್ರೀಸ್ ಮುದ್ದೆ ಬಿತ್ತು. ಸೀಮೆಎಣ್ಣೆಯಲ್ಲಿ ತೊಳೆದರೆ ಸೂಜಿಗಳು ಒಂದೊಂದೇ ಹೊಳೆದವು. ಅವುಗಳ ಮಧ್ಯೆ ಒಂದು ಸೂಜಿ ಎರಡು ತುಂಡಾಗಿ, ಚಪ್ಪಟೆಯಾಗಿ, ನೀಲಿ ಬಣ್ಣ ತಿರುಗಿತ್ತು. ಕಪ್ಪಿನ ತಳದಲ್ಲಿ ಅದು ಅಡ್ಡ ಮಲಗಿದ್ದ ಅಚ್ಚು ಕೂಡ ಇದೆ.

ಕಪ್ಪು ಹಾಕುವಾಗ ಒಂದು ಸೂಜಿ ಗೋಡೆ ಬಿಟ್ಟು ತಳಕ್ಕೆ ಬಿದ್ದಿದೆ. ಕಪ್ಪು ಪೂರ್ತಿ ಒಳಗೆ ಹೋಗಿಲ್ಲ. ಸುತ್ತಿಗೆಯಲ್ಲಿ ಹೊಡೆದಿದ್ದಾರೆ. ಆದರೂ ಲಾಕು ತೋಡಿಗೆ ಇಳಿಯಲಿಲ್ಲ. ಬಿಚ್ಚಿ ನೋಡುವ ಬದಲು ಲಾಕನ್ನೇ ಉಜ್ಜಿ ತೂರಿಸಿದ್ದಾರೆ. ಕ್ರಾಸ್ ಎದುರು ಕಡೆಗೆ ಸರಿದು ಕೂತಿತು. ಅದರ ಜೊತೆ ಶಾಫ್ಟೂ ಸರಿಯಿತು.

ಇದೇ ಗ್ಯಾರೇಜು ನನಗೆ ಹೌಸಿಂಗ್ ಬಿಚ್ಚೋಣ ಅಂದಿದ್ದು. ಹೆಸರು ಹೇಳಲ್ಲ, ಕೇಳಬೇಡಿ.

ಪದ್ಮಿನಿ ಪ್ರೇಮಿ

ಒಂದು ಸೂಜಿ! ಅದಕ್ಕೆ ಎರಡು ಸಲ ವೀಲ್ ಬ್ಯಾಲೆನ್ಸಿಂಗು, ಒಂದು ಸೆಟ್ ಮೌಂಟಿಂಗ್ ರಬ್ಬರು, ಪಕ್ಕದ ಮನೆಯವರ ನಿದ್ದೆ.

ಡಯಲ್ ಗೇಜ್ ತಾತ

ಹೊಸ ಕ್ರಾಸ್ ಹಾಕುವಾಗ ನಾವು ಮಾಡಿದ್ದನ್ನು ಬರೆಯುತ್ತೇನೆ, ಯಾರಿಗಾದರೂ ಬೇಕಾದೀತು. ಕಪ್ಪಿನ ಒಳಗೋಡೆಗೆ ಗ್ರೀಸ್ ಹಚ್ಚಿ ಸೂಜಿಗಳನ್ನು ನೆಟ್ಟಗೆ ಅಂಟಿಸಬೇಕು. ನಾಲ್ಕು ಕಪ್ಪಿನಲ್ಲೂ ಎಣಿಸಬೇಕು, ಸಂಖ್ಯೆ ಒಂದೇ ಬರಬೇಕು. ಕಪ್ಪು ಒಳಗೆ ಹೋಗುವಾಗ ಕ್ರಾಸಿನ ಕಾಲನ್ನು ಎದುರಿನಿಂದ ಎತ್ತಿ ಅದರೊಳಗೆ ಅರ್ಧ ತೂರಿಸಿಕೊಂಡಿರಬೇಕು, ಆಗ ಸೂಜಿಗೆ ಬೀಳಲು ಜಾಗ ಇರಲ್ಲ. ಸುತ್ತಿಗೆ ಬೇಡ. ಒಂದು ಸಣ್ಣ ಸಾಕೆಟ್, ಒಂದು ದೊಡ್ಡ ಸಾಕೆಟ್ ಇಟ್ಟು ವೈಸಿನಲ್ಲಿ ನಿಧಾನ ಒತ್ತಿದೆವು. ಲಾಕು ಕೂತಾಗ "ಟಿಕ್" ಅಂತ ಕೇಳಬೇಕು. ಕೇಳಲಿಲ್ಲ ಅಂದರೆ ಬಿಚ್ಚಬೇಕು, ಉಜ್ಜಬಾರದು. ಕೊನೆಗೆ ಕ್ರಾಸ್ ಎರಡೂ ದಿಕ್ಕಿಗೆ ಬೆರಳಲ್ಲಿ ಆಡಬೇಕು. ಬಿಗಿ ಅನ್ನಿಸಿದರೆ ಫೋರ್ಕಿನ ಕಿವಿಗೆ ತಾಮ್ರದ ಸುತ್ತಿಗೆಯಲ್ಲಿ ಒಂದು ಮೆಲ್ಲನೆ ತಟ್ಟು.

ಕಟ್ಟಿದ ಮೇಲೆ ಹಿಂದಿನ ತುದಿ 0.25ಕ್ಕೆ ಬಂತು.

ಬಟವಾಡಿ ಮಾರ್ಕ್ 3

ನಿನ್ನೆ ಅಮ್ಮನನ್ನೂ ಕೂರಿಸಿಕೊಂಡು ಶಿರಾವರೆಗೆ ಹೋಗಿ ಬಂದೆ. 60ರಲ್ಲಿ 37ರ ಕಂಬ ಹುಲ್ಲಾಗಿದೆ. 75ರಲ್ಲಿ ಸಣ್ಣಗೆ ಒಂದು ಅಲುಗಾಟ ಉಳಿದಿದೆ, ಅದು 10 ಹರ್ಟ್ಜ್, ಅಂದರೆ ಟೈರಿನದು. ಮಳೆಗಾಲದಲ್ಲಿ ನಿಂತಲ್ಲೇ ನಿಂತು ತಳ ಚಪ್ಪಟೆ ಆಗಿರಬೇಕು. ಅದನ್ನು ಆಮೇಲೆ ನೋಡೋಣ.

ಬರುವಾಗ ಅಮ್ಮ "ಈಗ ಕನ್ನಡಿ ಸರಿ ಮಾಡಿಸಿದ್ಯೇನೋ?" ಅಂದರು. ಹಿಂದಿನ ಲಾರಿ ಡ್ರೈವರಿನ ಮೀಸೆ ಕೂಡ ಕಾಣುತ್ತಿತ್ತು.

ಲಾರಿ ಮನೆ ಸರ್, ಶಿರಾದಲ್ಲಿ ನಿಮಗೆ ಫೋನ್ ಮಾಡಿದೆ, ಎತ್ತಲಿಲ್ಲ.

ಶಿರಾ ಲಾರಿ ಮನೆ

ಗಾಡಿ ಕೆಳಗೆ ಇದ್ದೆ ಅಣ್ಣ. ಸ್ಟ್ಯಾಂಡ್ ಇಟ್ಕೊಂಡೇ, ತಾತ ಬೈಬೇಡಿ. ಪ್ಲೇಟ್ ತೆಗೆಸೋಕೆ ಬಂದಾಗ ಇಡ್ಲಿ ಲೆಕ್ಕ ಚುಕ್ತಾ ಮಾಡೋಣ.

ಪದ್ಮಿನಿ ಪ್ರೇಮಿ

ನನ್ನ ಪದ್ಮಿನಿ 45ಕ್ಕೆ ನಡುಗುತ್ತೆ, ಸ್ಟೀರಿಂಗ್ ಸಮೇತ. ಇದುವರೆಗೆ ಹೇಳಲು ನಾಚಿಕೆ ಆಗಿತ್ತು.

ನಂದಿ ತಪ್ಪಲು

ಹೊಸ ಚರ್ಚೆ ಶುರು ಮಾಡಿ. ಕಳೆದ ಒಂದು ವರ್ಷದಲ್ಲಿ ಏನೇನು ಬಿಚ್ಚಿಸಿದಿರಿ ಅನ್ನುವುದನ್ನು ಮೊದಲ ಸಾಲಿನಲ್ಲೇ ಬರೆಯಿರಿ.

ಡಯಲ್ ಗೇಜ್ ತಾತ

ಬಟವಾಡಿ, ಗೇಜ್ ಸಿಕ್ಕಿತು. ಮ್ಯಾಗ್ನೆಟ್ ಸ್ಟ್ಯಾಂಡ್ ನಿನ್ನ ಡಿಕ್ಕಿಯಲ್ಲೇ ಉಳಿದಿದೆ, ಸ್ಪೇರ್ ಟೈರಿಗೆ ಅಂಟಿಕೊಂಡಿರುತ್ತೆ ನೋಡು. ಆ ಚಪ್ಪಟೆ ಸೂಜಿಯನ್ನೂ ಬಿಸಾಕಬೇಡ, ನನಗೆ ಬೇಕು.